ಬುಡಾಪೆಸ್ಟಿನಲ್ಲಿ ಕಣ್ಣಿಗೊತ್ತಿಕೊಂಡ ಕಂಬಿ

ರಾವಂದೂರಿನ ಬ್ಯಾರನ್

ಹಂಗೇರಿಗೆ ಹೋಗುವ ನನ್ನ ದಾರಿ ಶುರುವಾದದ್ದು ರಾವಂದೂರಿನ ಒಂದು ಹೊಗೆಸೊಪ್ಪಿನ ಬ್ಯಾರನ್ನಿನಿಂದ. ಹುಣಸೂರು, ಪಿರಿಯಾಪಟ್ಟಣದವರಿಗೆ ಬ್ಯಾರನ್ ಅಂದರೇನು ಅಂತ ಹೇಳಬೇಕಾಗಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ: ಅದು ಹಸಿ ಸೊಪ್ಪನ್ನು ಬೇಯಿಸಿ ಬಂಗಾರದ ಬಣ್ಣಕ್ಕೆ ತರುವ, ಗೋಪುರದಂಥ ಎತ್ತರದ ಮನೆ. ಒಳಗೆ ನೆಲದಿಂದ ಸೂರಿನ ತನಕ ಸಾಲುಸಾಲಾಗಿ ಮರದ ಗಳಗಳು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ನೇತುಹಾಕಲು ಆಳುಗಳು ಎರಡು ಗಳಗಳ ಮೇಲೆ ಕಾಲು ಅಗಲಿಸಿ ನಿಂತು, ಒಂದೊಂದೇ ಸಾಲು ಮೇಲೇರುತ್ತಾರೆ. ಕೆಳಗೆ ನೆಟ್ ಇಲ್ಲ, ಮ್ಯಾಟ್ ಇಲ್ಲ. ಬಿದ್ದವನು ಬಿದ್ದ ಹಾಗೆಯೇ. ಅದಕ್ಕೇ ಒಳಗೆ ಕಾಲಿಟ್ಟ ಪ್ರತಿಯೊಬ್ಬರೂ ಮೊದಲ ಗಳವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತುವುದು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಚಪ್ಪಲಿ ಬಿಟ್ಟು ಮನೆಯೊಳಗೆ ಹೋಗುವಷ್ಟೇ ಸಹಜ.

ನಾನು ನೋಡಿದ ದಿನ ಬ್ಯಾರನ್ನಿನಲ್ಲಿ ಸೊಪ್ಪಿರಲಿಲ್ಲ. ಅದು ಸೀಸನ್ ಅಲ್ಲ. ಗಳದಿಂದ ಗಳಕ್ಕೆ ಹುಡುಗಿಯರು ಜೋತಾಡುತ್ತಿದ್ದರು. ಬಾಯಲ್ಲಿ ಸೀಟಿ ಕಚ್ಚಿಕೊಂಡು ಕೆಳಗೆ ನಿಂತವಳು ನನ್ನ ಅಣ್ಣನ ಮಗಳು ಸುಮಿತ್ರಾ. ಮಾಡರ್ನ್ ಪೆಂಟಾಥ್ಲಾನ್ ಎಂಬ ಆಟಕ್ಕೆ ನಮ್ಮ ದೇಶದ ನ್ಯಾಷನಲ್ ಕೋಚ್.

ಹೆಸರಿನಲ್ಲಿ ಮಾಡರ್ನ್ ಇದ್ದರೂ ಇದು ಹಳೇ ಸಿಪಾಯಿಗಳ ಆಟ. ಶತ್ರುವಿನ ನಾಡಿನಲ್ಲಿ ಸಿಕ್ಕಿಕೊಂಡವನು ಪಾರಾಗಿ ಬರಲು ಏನೇನು ಮಾಡಬೇಕೋ ಅಷ್ಟೂ ಇದರಲ್ಲಿ ಇದೆ: ಕತ್ತಿವರಸೆ, ಈಜು, ಗುರಿ ಹೊಡೆಯುವುದು, ಓಟ, ಜೊತೆಗೆ ಕುದುರೆ ಸವಾರಿ. ಈಚೆಗೆ ಕುದುರೆಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಕಂಬಿ, ತೂಗುಬಳೆ, ಗೋಡೆಗಳನ್ನು ಹತ್ತಿ ಜಿಗಿಯುವ ಆಬ್‌ಸ್ಟಕಲ್ ಓಟ ಇಟ್ಟಿದ್ದಾರೆ. ಆ ಕಂಬಿಗಳ ಸೆಟ್ ನಮಗೆ ಎಲ್ಲಿಂದ ಬರಬೇಕು? ಸುಮಿತ್ರಾ ಬ್ಯಾರನ್ ಹುಡುಕಿದಳು. ಬ್ಯಾರನ್ನಿನ ಮಾಲೀಕನ ಮಗಳು ರೂಪಾ ಅವಳ ಶಿಷ್ಯೆಯೇ ಆಗಿದ್ದಳು. ಆ ಹುಡುಗಿಯ ಅಣ್ಣ ಅದೇ ಬ್ಯಾರನ್ನಿನ ಮೇಲಿನ ಸಾಲಿನಿಂದ ಬಿದ್ದು ಇಂದಿಗೂ ಕಾಲೆಳೆದು ನಡೆಯುತ್ತಾನೆ. ಅವನೇ ದಿನಾ ಬಂದು ಬಾಗಿಲು ತೆಗೆದುಕೊಡುತ್ತಿದ್ದ.

ಬುಡಾಪೆಸ್ಟಿನ ಪಂದ್ಯಕ್ಕೆ ಹೊರಟ ಟೀಮಿನ ಹುಡುಗಿಯರನ್ನು ನೋಡಿಕೊಳ್ಳಲು ಒಬ್ಬ ಲೇಡಿ ಚ್ಯಾಪರೋನ್ ಹೋಗಬೇಕಂತೆ. ಸ್ವಂತ ಖರ್ಚಿನಲ್ಲಿ ಬರುವ ಲೇಡಿ ಯಾರೂ ಸಿಗದೆ ನನ್ನ ಸರದಿ ಬಂತು. "ಈ ವಯಸ್ಸಿನಲ್ಲಿ ಯಾಕೆ ಬೇಕು?" ಎಂದವರಿಗೆ, "ಇನ್ನು ಯಾವ ವಯಸ್ಸಿನಲ್ಲಿ?" ಎಂದೆ. ಸುಮಿತ್ರಾಳ ಅಮ್ಮ, ನನ್ನ ಅತ್ತಿಗೆ ಪುಟ್ಟಲಕ್ಷ್ಮಿ, ಹನಗೋಡಿನ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಅಂದಳು: "ಓಗ್ಬನ್ನಿ ಲೀಲಕ್ಕ. ಫೋನ್ ಮಾಡಿದ್ರೆ ಈ ಮುಂಡೇದು ಚೆನ್ನಾಗಿವ್ನಿ ಅಂತ್ಲೇ ಅಂತದೆ. ಹಿಂದ್ಕೆ ಅಲ್ಲಿ ಕುದ್ರೆ ಬೀಳುಸ್ದಾಗ್ಲೂ ಅಂಗೇ ಅಂದ್ಲು. ನೀವಾರ ಕಣ್ಣಲ್ಲಿ ನೋಡ್ಕಬನ್ನಿ."

ಈ ಸಲ ಬೀಳಿಸಲು ಕುದುರೆಯೇ ಇರಲಿಲ್ಲ. ಟೀಮಿನ ಮ್ಯಾನೇಜರ್ ಇದ್ದರು. ಬೆಂಗಳೂರಿನವರು, ಒಳ್ಳೆಯ ಸೂಟು, ಒಳ್ಳೆಯ ಮಾತು. ಹೊರಡುವ ಮುಂಚೆಯೇ ಸುಮಿತ್ರಾಳಿಗೆ ಸ್ಪಷ್ಟವಾಗಿ ಹೇಳಿದ್ದರು: ಒಬ್ಬ ಹುಡುಗಿಯಾದರೂ ಫೈನಲ್ ತಲುಪಲೇಬೇಕು, ಇಲ್ಲದಿದ್ದರೆ ಹೊರದೇಶದಿಂದ ಕೋಚ್ ತರಿಸುತ್ತೇವೆ. "ಹೊಗೆಸೊಪ್ಪಿನ ಗೂಡಲ್ಲಿ ಟ್ರೈನಿಂಗ್ ಅಂದ್ರೆ ಜನ ನಗ್ತಾರೆ ಮೇಡಂ."

ಬುಡಾಪೆಸ್ಟ್ ಏರ್‌ಪೋರ್ಟ್

ಕತ್ತಿಗಳ ಚೀಲವನ್ನು ಯಾರೂ ತಡೆಯಲಿಲ್ಲ. ತಡೆದದ್ದು ನನ್ನ ಹುರಿಹಿಟ್ಟನ್ನು. ಮೀಸೆ ಇಲ್ಲದಿದ್ದರೂ ಮೀಸೆ ತಿರುವುವ ಮುಖಭಾವದ ಅಧಿಕಾರಿಯೊಬ್ಬ ಡಬ್ಬಿ ಬಿಚ್ಚಿ ಮೂಸಿದ. ಹಿಟ್ಟು ಮೂಗಿಗೆ ಏರಿ ಸೀನಿದ. ಮತ್ತೆ ಸೀನಿದ. ಇಡೀ ಸಾಲು ನಿಂತುಬಿಟ್ಟಿತು.

"ವಾಟ್ ಈಸ್ ದಿಸ್?"

ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಆಗ್ನೆಸ್ ತಿದ್ದಿಸಿದ ಇಂಗ್ಲಿಷನ್ನು ಇಸ್ತ್ರಿ ಮಾಡಿ ಹೊರತೆಗೆದೆ. "ಆಫೀಸರ್, ಇಟ್ ಈಸ್ ಬ್ರೇಕ್‌ಫಾಸ್ಟ್. ಯು ಹ್ಯಾವ್ ಜಸ್ಟ್ ಹ್ಯಾಡ್ ಸಮ್."

ನಕ್ಕ, ಬಿಟ್ಟ. ಹಿಂದೆ ನಿಂತಿದ್ದ ರೂಪಾ ಪಿಸುಗುಟ್ಟಿದಳು: "ಅಜ್ಜಿ, ಅವ್ನಿಗೆ ಒಸಿ ಬೆಲ್ಲನೂ ಕೊಟ್ಟಿದ್ರೆ ಕಾರಲ್ಲೇ ಕರ್ಕಂಡೋಗ್ತಿದ್ದ ಕಣ್ರಿ."

ಇಲೋನಾ ನೇನಿಯ ಮನೆ

ಉಳಿದುಕೊಂಡದ್ದು ಒಬ್ಬ ವಿಧವೆಯ ದೊಡ್ಡ ಮನೆಯಲ್ಲಿ. ಅಂಗಳದಲ್ಲಿ ಏಪ್ರಿಕಾಟ್ ಮರ, ಗೋಡೆಗೆ ಒಣಮೆಣಸಿನಕಾಯಿಯ ಸರ. ಅದನ್ನು ಕಂಡ ಕೂಡಲೇ ರೂಪಾಳ ಕೈ ಅದನ್ನು ನೇತುಹಾಕಿದ ಗಂಟನ್ನು ಪರೀಕ್ಷಿಸಿತು. "ನಮ್ ಸೊಪ್ ಕಟ್ಟೋ ಗಂಟೇ ಕಣಕ್ಕ ಇದು!"

ಈ ದೇಶದಲ್ಲಿ ಮನೆತನದ ಹೆಸರು ಮೊದಲು, ತಂದೆತಾಯಿ ಇಟ್ಟ ಹೆಸರು ಆಮೇಲೆ. ಊರಿನ ಹೆಸರಿನ ಇನಿಶಿಯಲ್ ಮುಂದಿಟ್ಟುಕೊಂಡು ಓಡಾಡುವ ನಮಗೆ ಇದರಲ್ಲಿ ಹೊಸತೇನೂ ಇರಲಿಲ್ಲ. ವಯಸ್ಸಾದ ಹೆಂಗಸಿನ ಹೆಸರಿನ ಕೊನೆಗೆ 'ನೇನಿ' ಸೇರಿಸುತ್ತಾರೆ, ನಾವು ಅಕ್ಕ, ಅತ್ತೆ ಅಂಟಿಸುವ ಹಾಗೆ. ನಮ್ಮ ಮನೆಯೊಡತಿ ಇಲೋನಾ ನೇನಿ. ನಾನು ಮೊದಲ ದಿನವೇ ಲೀಲಾ ನೇನಿ ಆಗಿಬಿಟ್ಟೆ. ಇಂಗ್ಲೆಂಡಿನ ಬುಕ್ಸ್ ಓದುತ್ತಾ ಬೆಳೆದ ನನಗೆ, ಯೂರೋಪಿನಲ್ಲಿ ಯಾರೋ ಒಬ್ಬರು ಮೇಡಂ ಅನ್ನದೆ ಚಿಕ್ಕಮ್ಮ ಎಂದದ್ದು ಎದೆಗೆ ತಾಕಿತು.

ಊಟಕ್ಕೆ ಶಾವಿಗೆ ಬಡಿಸಿದಳು. ಮೇಲೆ ಕಪ್ಪಗೆ ಏನೋ ಪುಡಿ, ಸಕ್ಕರೆ. ಟೀಮಿನ ಉಳಿದಿಬ್ಬರು ಹುಡುಗಿಯರು ಉತ್ತರದವರು. ಅವರು ತಟ್ಟೆಯನ್ನು ಅನುಮಾನದಿಂದ ನೋಡಿದರು. ರೂಪಾ ಮತ್ತು ನಾನು ಒಟ್ಟಿಗೇ ಕೂಗಿದೆವು: "ಗಸಗಸೆ!" ಒತ್ತುಶಾವಿಗೆಗೆ ಗಸಗಸೆ ಪಾಯಸ ಸುರಿದುಕೊಂಡು ತಿನ್ನುವವರು ಲೋಕದಲ್ಲಿ ನಾವೇ ಎಂದುಕೊಂಡಿದ್ದೆವು. ಕಾಯಿಹಾಲು ಇಲ್ಲ ಅನ್ನುವುದೊಂದೇ ಕೊರತೆ. ಇಲೋನಾಗೆ ತೆಂಗಿನಕಾಯಿ ಏನೆಂದು ನನ್ನ ತಲೆ ಮುಟ್ಟಿ, ಒಡೆಯುವ ಸನ್ನೆ ಮಾಡಿ ತೋರಿಸಿದೆ; ಅವಳು ತಲೆನೋವಿನ ಮಾತ್ರೆ ತಂದುಕೊಟ್ಟಳು.

ಸುಮಿತ್ರಾ ತನ್ನ ತಟ್ಟೆಯನ್ನು ರೂಪಾಳ ಕಡೆ ಸರಿಸಿದಳು. ಇದೇ ಊರಿಗೆ ಹತ್ತು ಹನ್ನೆರಡು ವರ್ಷದ ಹಿಂದೆ ಅವಳು ಆಟಗಾರ್ತಿಯಾಗಿ ಬಂದಿದ್ದಳು.

ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಧ ಮಾತ್ರ ಗೊತ್ತು. ಲಕ್ಷ್ಮಣತೀರ್ಥ ನದಿಯ ಮಡುವಿನಲ್ಲಿ ಎಮ್ಮೆಗಳ ಜೊತೆ ಈಜು ಕಲಿತವಳು, ಕೋಟೆ ಊರಿಗೆ ಹೋಗುವ ಬಸ್ಸಿನ ಹಿಂದೆ ಓಡಿ ಓಡಿ ಕಾಲು ಗಟ್ಟಿ ಮಾಡಿಕೊಂಡವಳು ಅವಳು. ಕತ್ತಿ, ಪಿಸ್ತೂಲು ಎರಡೂ ಅವಳಿಗೆ ಒಲಿದಿದ್ದವು. ಆಗ ಈ ಆಟದಲ್ಲಿ ಒಂದು ಪದ್ಧತಿ ಇತ್ತು: ಸವಾರಿಗೆ ನಿಮ್ಮ ಕುದುರೆ ತರುವಂತಿಲ್ಲ, ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದ, ಹಿಂದೆಂದೂ ಮುಖ ನೋಡದ ಕುದುರೆಯ ಮೇಲೆ ಸ್ವಲ್ಪ ಹೊತ್ತಿನಲ್ಲೇ ಅಡ್ಡಗಟ್ಟೆಗಳನ್ನು ಹಾರಿಸಬೇಕು. ಸುಮಿತ್ರಾಳಿಗೆ ಬಂದ ಕುದುರೆ ಹಾರಲೊಲ್ಲದು. ಮೂತಿ ತಿರುಗಿಸಿ ನಿಂತಿತು. ಒತ್ತಾಯಿಸಿದ್ದಕ್ಕೆ ಎತ್ತಿ ಎಸೆಯಿತು.

ಇಷ್ಟು ನನಗೆ ಗೊತ್ತಿತ್ತು. ಮಿಕ್ಕರ್ಧವನ್ನು ಅವಳು ಅವತ್ತು ಏಪ್ರಿಕಾಟ್ ಮರದ ಕೆಳಗೆ ಹೇಳಿದಳು.

"ಬಿದ್ದಿದ್ದಕ್ಕೆ ಬೇಜಾರಿಲ್ಲ ಅತ್ತೆ. ನಮ್ ಕೋಚು ಎಲ್ರ ಮುಂದೆ ಅಂದ್ರು, ಕುದ್ರೆ ಸರಿಯಾಗೇ ಇತ್ತು, ಹುಡ್ಗಿ ಸರಿಯಿರ್ಲಿಲ್ಲ ಅಂತ. ಹಿಂದಿನ್ ದಿನ ಅವ್ರೇ ಅಂದಿದ್ರು, ಕುದ್ರೆ ಮೊಂಡು ಮಾಡಿದ್ರೆ ಜೋರಾಗಿ ಒದಿ ಅಂತ. ನಾನು ಒದ್ದೆ. ಅದ್ನ ಅವ್ರು ಯೋಳ್ಲೇ ಇಲ್ಲ."

"ನೀನು ಯಾಕೆ ಹೇಳಲಿಲ್ಲ?"

"ಹೇಳ್ಕೊಡೋರ ಮಾತಿಗಿಂತ ಬಿದ್ದೋರ ಮಾತು ದೊಡ್ಡದಾ?"

ಕತ್ತಿಯ ಹಾಲ್

ಮೊದಲ ದಿನ ಕತ್ತಿವರಸೆ. ಎರಡು ಬಿಳೀ ಗೊಂಬೆಗಳು ಮುಖಕ್ಕೆ ಜರಡಿ ಕಟ್ಟಿಕೊಂಡು ಎದುರುಬದುರು ನಿಲ್ಲುತ್ತವೆ, ಕಣ್ಣು ಮಿಟುಕಿಸುವಷ್ಟರಲ್ಲಿ ದೀಪ ಹತ್ತುತ್ತದೆ, ಯಾರೋ ಕಿರುಚುತ್ತಾರೆ, ಮುಗಿಯಿತು. ಯಾರು ಗೆದ್ದರೆಂದು ನನಗೆ ಒಮ್ಮೆಯೂ ತಿಳಿಯಲಿಲ್ಲ. ತಿಳಿದದ್ದು ಒಂದೇ: ಶುರುವಿಗೆ ಮುಂಚೆ ಕತ್ತಿಯನ್ನು ಮುಖದ ಹತ್ತಿರ ತಂದು ಎದುರಾಳಿಗೆ, ರೆಫರಿಗೆ, ನೋಡುವವರಿಗೆ ಸಲ್ಯೂಟ್ ಮಾಡಬೇಕು. ಒಬ್ಬ ಹುಡುಗಿ ಸೋತ ಸಿಟ್ಟಿಗೆ ಸಲ್ಯೂಟ್ ಮಾಡದೆ ನಡೆದಳು. ರೆಫರಿ ತಟ್ಟನೆ ಕಾರ್ಡ್ ಎತ್ತಿದರು.

"ಅಷ್ಟಕ್ಕೇ?" ಎಂದೆ.

"ಅದ್ ಮಾಡ್ದೆ ಇದ್ರೆ ಇದು ಆಟ ಅಲ್ಲ ಅತ್ತೆ, ಜಗಳ," ಅಂದಳು ಸುಮಿತ್ರಾ.

ರೂಪಾ ಚೆನ್ನಾಗಿ ಆಡಿದಳಂತೆ. ಮ್ಯಾನೇಜರ್ ಮುಖದಲ್ಲಿ ಮೊದಲ ಬಾರಿ ಹಲ್ಲು ಕಂಡಿತು.

ಬಿಸಿನೀರಿನ ಕೊಳ

ಒಂದು ಮಧ್ಯಾಹ್ನ ಇಲೋನಾ ನನ್ನನ್ನು ಬಿಸಿನೀರಿನ ಸಾರ್ವಜನಿಕ ಸ್ನಾನಕ್ಕೆ ಎಳೆದುಕೊಂಡು ಹೋದಳು. ಭೂಮಿಯೊಳಗಿನಿಂದ ಬರುವ ಬಿಸಿನೀರು, ಅದರಲ್ಲಿ ಎದೆಮಟ್ಟ ನಿಂತು ಮುದುಕರು ಚೆಸ್ ಆಡುತ್ತಾರೆ. ನಮ್ಮಲ್ಲಾದರೆ ಅಷ್ಟು ಬಿಸಿನೀರು ಸಿಕ್ಕ ಕಡೆ ಒಂದು ಗುಡಿ, ಒಂದು ಕಟ್ಟೆ, ಮೈಲಿಗೆಯ ಹತ್ತು ಕಟ್ಟಳೆ ಎದ್ದಿರುತ್ತಿತ್ತು. ಸ್ವಿಮ್‌ಸೂಟ್ ಹಾಕಿಕೊಂಡೆ. ಹೌದು, ಹಾಕಿಕೊಂಡೆ. ಎಂಟನೇ ಕ್ಲಾಸಿನಲ್ಲಿ ನಾನು ಹೈಜಂಪಿನಲ್ಲಿ ಶಾಲೆಗೇ ಮೊದಲಿದ್ದೆ. ಒಂದು ದಿನ ಸಿಸ್ಟರ್ ಆಗ್ನೆಸ್ ನನ್ನ ಲಂಗವನ್ನು ನೋಡಿ, "ಲೇಡೀಸ್ ಡು ನಾಟ್ ಜಂಪ್, ಚೈಲ್ಡ್," ಎಂದು ಕಸೂತಿ ದಾರ ಕೈಗಿತ್ತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಶೇಕ್ಸ್‌ಪಿಯರ್ ಕೊಟ್ಟವರೂ ಅವರೇ. ಆದರೆ ಆ ದಾರದಲ್ಲಿ ನಾನು ಹಾಕಿದ ನವಿಲುಗಳೆಲ್ಲ ಇಂದಿಗೂ ಹಾರದೆ ದಿಂಬಿನ ಮೇಲೆ ಕುಳಿತಿವೆ.

ಕೊಳದಲ್ಲಿ ಕಾಲು ನೆಲ ಬಿಟ್ಟಾಗ ಹೋ ಎಂದು ಕೂಗಿದೆ. ಚೆಸ್ ಆಡುತ್ತಿದ್ದ ಮುದುಕರಲ್ಲೊಬ್ಬ ರಾಣಿಯನ್ನು ನೀರಿಗೆ ಬೀಳಿಸಿದ.

ಮರಳಿನ ಅಂಕಣ

ಆಬ್‌ಸ್ಟಕಲ್ ಇಟ್ಟಿದ್ದ ಜಾಗವನ್ನು ಕಂಡು ಸುಮಿತ್ರಾ ಗೇಟಿನಲ್ಲೇ ನಿಂತಳು. ಅದು ಹಿಂದಿನ ಕುದುರೆ ಅಂಕಣ. ಅದೇ ಮರಳು. ಅವಳು ಬಿದ್ದ ಕಡೆ ಈಗ ಉಕ್ಕಿನ ಕಂಬಿಗಳ ದೊಡ್ಡ ಪಂಜರ.

"ಕುದ್ರೆ ಹೋಯ್ತು, ಮರಳು ಇಲ್ಲೇ ಅದೆ," ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಇಬ್ಬಿಬ್ಬರು ಪಕ್ಕಪಕ್ಕದ ಸಾಲಿನಲ್ಲಿ ಓಡಬೇಕು. ಬಜರ್ ಆಗುತ್ತದೆ; ಜಿಗಿದು, ಜೋತು, ಗೋಡೆ ಹತ್ತಿ, ಕೊನೆಯಲ್ಲಿ ಗುಂಡಿ ಒತ್ತಿದರೆ ಗಡಿಯಾರ ನಿಲ್ಲುತ್ತದೆ. ಪ್ರಾಕ್ಟೀಸಿಗೆ ರೂಪಾಳ ಸರದಿ ಬಂತು. ಬಜರ್ ಆಯಿತು. ಪಕ್ಕದ ಹುಡುಗಿ ಬಾಣದ ಹಾಗೆ ಹೋದಳು. ರೂಪಾಳೂ ಓಡಿದಳು. ಮೊದಲ ಕಂಬಿಯ ಹತ್ತಿರ ಬಂದು, ನಿಂತು, ಅದನ್ನು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹತ್ತಿದಳು. ಹತ್ತಿದ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಆದರೆ ಗಡಿಯಾರ ಆ ನಿಂತ ಗಳಿಗೆಯನ್ನೂ ಎಣಿಸಿತ್ತು.

ಮ್ಯಾನೇಜರ್ ದಡದಡನೆ ಇಳಿದು ಬಂದರು. "ವಾಟ್ ವಾಸ್ ದಟ್? ಇದೇನು ಆಯುಧಪೂಜೆಯಾ?"

ರೂಪಾ ಏದುಸಿರಿನಲ್ಲೇ ನಾಲಿಗೆ ಕಚ್ಚಿಕೊಂಡಳು. "ಗೊತ್ತಾಗ್ಲೇ ಇಲ್ಲ ಸಾ. ಕೈ ತಾನಾಗೇ ಓಯ್ತು."

"ನಾಳೆ ಹೋಗಬಾರದು. ಸುಮಿತ್ರಾ, ಟೆಲ್ ಹರ್."

ಉತ್ತರದ ಹುಡುಗಿಯರಲ್ಲೊಬ್ಬಳು ಒಳ್ಳೆಯ ಉಪಾಯ ಕೊಟ್ಟಳು: ಸ್ಟಾರ್ಟಿಗೆ ಮುಂಚೆಯೇ ಮರಳನ್ನು ಮುಟ್ಟಿಕೋ. ರೂಪಾ ಹಾಗೇ ಮಾಡಿ ಮತ್ತೆ ಓಡಿದಳು. ಕಂಬಿಯ ಮುಂದೆ ಈ ಸಲ ನಿಲ್ಲಲಿಲ್ಲ. ಆದರೆ ಮೇಲೆ ಹೋದವಳು ಅರ್ಧದಲ್ಲೇ ತಡವರಿಸಿದಳು, ಕೈ ಜಾರಿ ಧೊಪ್ಪನೆ ಮ್ಯಾಟಿಗೆ ಬಿದ್ದಳು. ಮತ್ತೊಮ್ಮೆ ಓಡಿದಳು, ಮತ್ತೆ ಬಿದ್ದಳು. ಬಿದ್ದಲ್ಲೇ ಕುಳಿತು, ನಮ್ಮ ಕಡೆ ನೋಡದೆ ಅಂದಳು: "ಮೇಲಿದ್ದಾಗ ಅಣ್ಣ ಕಾಣ್ತಾನೆ ಕಣಕ್ಕ. ಅವತ್ತು ಅವ್ನು ಅವಸ್ರದಲ್ಲಿ ಗಳ ಮುಟ್ದೇನೆ ಮೇಲಕ್ಕತ್ತಿದ್ದ."

ಬೇರೆ ಕೋಚ್ ಆಗಿದ್ದರೆ ಸೂಪರ್‌ಸ್ಟಿಶನ್ ಎಂದು ಲೆಕ್ಚರ್ ಕೊಡುತ್ತಿದ್ದರು. ಕಾನ್ವೆಂಟಿನ ಕೂಸು ನಾನೂ ಬಾಯಿ ತೆರೆದಿದ್ದೆ. ಸುಮಿತ್ರಾ ಮ್ಯಾಟಿನ ಮೇಲೆ ಅವಳ ಪಕ್ಕದಲ್ಲೇ ಕುಳಿತಳು. ಕುಳಿತ ಜಾಗ ಹಿಂದೆ ಅವಳೇ ಬಿದ್ದ ಜಾಗದಿಂದ ಎರಡು ಮಾರು ದೂರ ಇರಬಹುದು. ಫೈನಲ್ ಇಲ್ಲದಿದ್ದರೆ ತನ್ನ ಕೆಲಸ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು.

"ನೀನು ಮುಟ್ಬೇಡ ಅಂದ್ರೆ ಮುಟ್ಟಲ್ಲ ಕಣಕ್ಕ," ಅಂದಳು ರೂಪಾ.

"ಕತ್ತೀಲಿ ಸಲ್ಯೂಟ್ ಹೊಡಿತೀಯಲ್ಲ, ಅದಕ್ಕೆ ಯಾರಾದ್ರೂ ಬೈತಾರಾ? ಇದು ನಮ್ ಸಲ್ಯೂಟು. ಮುಟ್ಟಿ ಹತ್ತು. ಆ ಸೆಕೆಂಡ್ನ ಓಟದಲ್ಲಿ ಕಿತ್ಕೊ."

"ಕಿತ್ಕಳಾಕ್ ಆಗ್ದಿದ್ರೆ?"

"ಆಗ್ದಿದ್ರೆ ಆಗ್ಲಿಲ್ಲ ಬುಡು. ಬಿದ್ದು ಮನೆಗೆ ಹೋಗೋದ್ಕಿಂತ ಇದೇ ಮೇಲು."

ಸೆಮಿಫೈನಲ್

ಬಜರ್ ಆಯಿತು. ಮುಟ್ಟಿದಳು, ಕಣ್ಣಿಗೊತ್ತಿಕೊಂಡಳು, ಹತ್ತಿದಳು. ಪ್ರೇಕ್ಷಕರಲ್ಲಿ ಯಾರೋ ನಕ್ಕರು. ನನ್ನ ಪಕ್ಕದಲ್ಲಿ ಇಲೋನಾ ನಕ್ಕವರ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಅಂದಳು. ನಮ್ಮ ಕೆ.ಆರ್. ನಗರದ ಸಂತೆಯಲ್ಲಿ ಹೆಂಗಸರು ತೂಕ ಹೊಡೆಯುವವನಿಗೆ ಅನ್ನುವ ಧಾಟಿಯಲ್ಲೇ ಇತ್ತು. ನಕ್ಕವರು ಟೋಪಿ ಕೆಳಗೆಳೆದುಕೊಂಡರು. ಅಷ್ಟರಲ್ಲಿ ರೂಪಾ ಬ್ಯಾರನ್ನಿನ ಗಳಗಳ ಮೇಲೆ ಹೋಗುವ ಹಾಗೆ ಉಸಿರೆಳೆಯದೆ ಹೋಗಿ ಗುಂಡಿ ಒತ್ತಿದ್ದಳು. ಆದರೂ ಪಕ್ಕದವಳು ಮೊದಲು ಒತ್ತಿದ್ದಳು.

ಈಜಿನಲ್ಲಿ ಸ್ವಲ್ಪ ಕೂಡಿಕೊಂಡಳು. ಕೊನೆಯದು ಓಟ ಮತ್ತು ಗುರಿ ಒಟ್ಟಿಗೆ. ಇಲ್ಲಿಯ ನಿಯಮ ನನಗೆ ಬಹಳ ಹಿಡಿಸಿತು: ಹಿಂದಿನ ಆಟಗಳಲ್ಲಿ ಮುಂದಿದ್ದವರು ಮೊದಲು ಹೊರಡುತ್ತಾರೆ, ಹಿಂದುಳಿದವರು ಅಷ್ಟು ಹೊತ್ತು ಗೆರೆಯ ಹಿಂದೆ ಕಾದು ಆಮೇಲೆ ಹೊರಡಬೇಕು. ಹಾಗಾಗಿ ಕೊನೆಗೆ ಗೆರೆ ದಾಟಿದ ಕ್ರಮವೇ ಫಲಿತಾಂಶ. ನನ್ನಂಥ ಮುದುಕಿಗೂ ಅರ್ಥವಾಗುತ್ತದೆ.

ರೂಪಾ ಕಾದಳು, ಹೊರಟಳು. ಓಡಿ ಬಂದು ಲೇಸರ್ ಪಿಸ್ತೂಲಿನಿಂದ ಬೆಳಕು ಹಾರಿಸಿ ಗುರಿಯ ದೀಪಗಳನ್ನು ಹಸಿರು ಮಾಡಿ ಮತ್ತೆ ಓಡಿದಳು. ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು. ಸುಮಿತ್ರಾ ಹಗ್ಗದಾಚೆಯಿಂದ, ಇಡೀ ಯೂರೋಪಿಗೆ ಕೇಳುವ ಹಾಗೆ, "ಓಡಮ್ಮಿ! ಕೋಟೆ ಬಸ್ಸು ಒಂಟೋಯ್ತು ಕಣಮ್ಮಿ, ಓಡು!" ಎಂದು ಕೂಗುತ್ತಿದ್ದಳು. ನಾನೂ ಕೂಗಿದೆ. ಯಾವ ಭಾಷೆಯಲ್ಲಿ ಎಂದು ನೆನಪಿಲ್ಲ.

ಫೈನಲ್ಲಿಗೆ ಕೊನೆಯದಾಗಿ ಆಯ್ಕೆಯಾದ ಹುಡುಗಿಯ ಬೆನ್ನಿಗೂ ನಮ್ಮ ರೂಪಾಳ ಎದೆಗೂ ನಡುವೆ ಒಂದು ಕೈಯಳತೆ ಇತ್ತು. ಅಷ್ಟೇ. ಆ ಕೈಯಳತೆಯಲ್ಲಿ ಸೋತಳು. ಉತ್ತರದ ಇಬ್ಬರೂ ಅವಳಿಗಿಂತ ಹಿಂದೆಯೇ ಉಳಿದರು.

ಮ್ಯಾನೇಜರ್ ಬಂದರು. ನಾನು ಅವರನ್ನು ಕೆಟ್ಟವರು ಎನ್ನಲಾರೆ. ಅವರ ದನಿಯಲ್ಲಿ ಕನಿಕರವೇ ಇತ್ತು. "ಮೇಡಂ, ಆ ನಮಸ್ಕಾರ ಇಲ್ಲದಿದ್ರೆ ಇದು ಫೈನಲ್. ನಿಮಗೂ ಗೊತ್ತು. ನಾನು ರಿಪೋರ್ಟ್ ಕೊಡಲೇಬೇಕು. ಹುಡುಗಿ ಕೋಚ್ ಮಾತು ಕೇಳ್ಲಿಲ್ಲ ಅಂತ ಕೊಡ್ತೀನಿ. ಚಿಕ್ಕವಳು, ಅವಳಿಗೇನಾಗಲ್ಲ. ನೀವೂ ಸೇಫ್."

ರೂಪಾ ಅಲ್ಲೇ ಮರಳಿನ ಮೇಲೆ, ಮಂಡಿಯೊಳಗೆ ತಲೆ ಇಟ್ಟು ಕುಳಿತಿದ್ದಳು. ಎಲ್ಲವೂ ಕೇಳಿಸುತ್ತಿತ್ತು. ತಲೆ ಎತ್ತಿ, "ಊಂ ಅನ್ನಕ್ಕ, ಪರ್ವಾಗಿಲ್ಲ," ಎಂದಳು.

ಸುಮಿತ್ರಾ ಸೀಟಿಯ ದಾರವನ್ನು ಕೊರಳಿನಿಂದ ತೆಗೆದು ಕೈಗೆ ಸುತ್ತಿಕೊಂಡಳು.

"ಅವಳು ನನ್ ಮಾತು ಕೇಳಿದ್ಲು ಸರ್. ಮುಟ್ಟಿ ಹತ್ತು ಅಂದೋಳು ನಾನೇ. ನಾಳೆ ಇನ್ನೊಂದ್ ಸಲ ಓಡಿದ್ರೂ ಅದನ್ನೇ ಅಂತೀನಿ. ಹುಡ್ಗಿ ಸರಿಯಾಗೇ ಅವ್ಳೆ. ಅಂಗೇ ಬರೀರಿ."

"ಯೋಚನೆ ಮಾಡಿ. ಕೋಚ್ ಪೋಸ್ಟ್..."

"ಪೋಸ್ಟ್ ನಿಮ್ದು ಸರ್, ತಗೊಳಿ. ಬ್ಯಾರನ್ ನಮ್ದು."

ಸುಮಿತ್ರಾಳ ಕಣ್ಣಲ್ಲಿ ನೀರು ಬಂತೇ ಎಂದು ನೋಡಿದೆ, ಅತ್ತಿಗೆಗೆ ವರದಿ ಒಪ್ಪಿಸಬೇಕಿತ್ತಲ್ಲ. ಇಲ್ಲ. ಅವಳು ರೂಪಾಳನ್ನು ರಟ್ಟೆ ಹಿಡಿದು ಎಬ್ಬಿಸಿ, ಮರಳು ಕೊಡವಿ, "ಎದ್ದೇಳು, ಮೂಗೊರ್ಸ್ಕೊ. ಅಜ್ಜಿ ಹುರಿಹಿಟ್ಟು ತಂದವ್ರೆ," ಎಂದಳು. ಅತ್ತವಳು ನಾನು. ಕಾನ್ವೆಂಟಿನ ಕರ್ಚೀಫಿನಲ್ಲಿ, ಅನ್‌ಲೇಡಿಲೈಕ್ ಆಗಿ, ಸದ್ದು ಮಾಡಿಕೊಂಡು.

ಮತ್ತೆ ರಾವಂದೂರು

ಊರಿಗೆ ಬಂದ ಮೇಲೆ ಹನಗೋಡಿನ ಜಗಲಿಯಲ್ಲಿ ಅತ್ತಿಗೆಗೆ ಎಲ್ಲ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಕೆಲ್ಸ ಓಯ್ತಾ?" ಎಂದಳು. ಹೋಯಿತು ಎಂದೆ. "ಮಾನ?" ಎಂದಳು. ಅದು ಬಂತು ಎಂದೆ. "ಇನ್ನೇನ್ ಮತ್ತೆ, ಕಾಪಿ ಕುಡೀರಿ," ಎಂದು ಒಳಗೆ ಹೋದಳು.

ಹೊರದೇಶದ ಕೋಚ್ ಬಂದರು. ಉತ್ತರದಲ್ಲಿ ಕ್ಯಾಂಪ್, ರೂಪಾಳಿಗೆ ಕರೆ ಬಂತು. ಅಕ್ಕ ಇಲ್ಲದ ಕಡೆ ನಾನು ಹೋಗುವುದಿಲ್ಲ ಎಂದು ಹಟ ಹಿಡಿದಳು. ಸುಮಿತ್ರಾ ಅವಳ ಚೀಲವನ್ನು ತಾನೇ ಹೊತ್ತು ತಂದು ಪಿರಿಯಾಪಟ್ಟಣದ ಬಸ್ಸಿಗೆ ಎಸೆದಳು. "ಓಗಿ ಕಲಿ. ಹೊಸದೇನಿದ್ರೂ ಕಲ್ತು ಬಾ, ನಮ್ಗೂ ಕಲ್ಸು. ಕಂಬಿ ಮುಟ್ಟೋದ್ ಮಾತ್ರ ಬುಡ್ಬೇಡ."

ಸೊಪ್ಪು ಬೇಯಿಸುವ ಸೀಸನ್ ಇನ್ನೇನು ಶುರುವಾಗಬೇಕು ಎನ್ನುವಾಗ ಕೊನೆಯ ಪ್ರಾಕ್ಟೀಸ್ ನೋಡಲು ಅತ್ತಿಗೆಯ ಜೊತೆ ಬ್ಯಾರನ್ನಿಗೆ ಹೋದೆ. ಮೊದಲಿಗಿಂತ ಹೆಚ್ಚು ಹುಡುಗಿಯರಿದ್ದರು. ಕೋಟೆಯ ಕಡೆಯಿಂದಲೂ ಕೆಲವರು ಬಂದಿದ್ದರು. ರೂಪಾಳ ಅಣ್ಣ ಕಾಲೆಳೆಯುತ್ತಾ ಬಂದು ಬಾಗಿಲು ತೆರೆದ. ಒಬ್ಬೊಬ್ಬಳೂ ಮೊದಲ ಗಳ ಮುಟ್ಟಿ, ಕಣ್ಣಿಗೊತ್ತಿಕೊಂಡು, ಮೇಲೆ ಹೋದಳು. ಸೀಟಿ ಊದುತ್ತಿದ್ದ ಸುಮಿತ್ರಾ ಈಗ ಯಾವ ದೇಶದ ಕೋಚೂ ಅಲ್ಲ. ಊದುವ ಜೋರೇನೂ ಕಡಿಮೆಯಾಗಿರಲಿಲ್ಲ.

ನಾನು ಚಪ್ಪಲಿ ಬಿಟ್ಟೆ. ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗಳವನ್ನು ಮುಟ್ಟಿದೆ. ಎಷ್ಟೋ ವರ್ಷದ ಕೈಗಳು ಉಜ್ಜಿ ನುಣುಪಾದ ಮರ, ಸೊಪ್ಪಿನ ಘಾಟು ಇನ್ನೂ ಹಾಗೇ ಇತ್ತು. ಕಣ್ಣಿಗೊತ್ತಿಕೊಂಡೆ.

"ಲೀಲಕ್ಕಾ! ಬ್ಯಾಡಿ! ಬಿದ್ದು ಸೊಂಟ ಮುರ್ಕಂಡ್ರೆ ಯಾರ್ರೀ ನೋಡ್ಕಳೋರು?" ಬಾಗಿಲಲ್ಲಿ ಅತ್ತಿಗೆಯ ಕೂಗು.

ಸುಮಿತ್ರಾ ಸೀಟಿ ಬಾಯಿಂದ ತೆಗೆದಳು. ನನ್ನ ಹಿಂದೆ ಬಂದು, ಬಿದ್ದರೆ ಹಿಡಿಯಲು ಕೈ ಚಾಚಿ ನಿಂತಳು.

"ಎಡಗಾಲು ಮೊದ್ಲು, ಅತ್ತೆ," ಅಂದಳು.

ಎಡಗಾಲನ್ನೇ ಮೊದಲು ಇಟ್ಟೆ.